ಜೋಳಿಗೆ ತುಂಬಿದ ಮೇಲೆ

ಮನೆ ಬಾಗಿಲಿಗೆ ಜೋಳಿಗೆ ಹಿಡಿದು ಜಂಗಮ ಬಂದರೆ ಹಿಟ್ಟನ್ನೋ ಕಾಳನ್ನೋ ನೀಡುವುದು ನಮ್ಮ ನಾಡಿನ ರೂಢಿ. ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳು ಈ ರೂಢಿಗೆ ಹೊಸ ಅರ್ಥ ಕೊಟ್ಟರು. 1970ರ ದಶಕದಿಂದ ಊರೂರು ತಿರುಗಿ, ಕಾಸು ಬೇಡ, ಕಾಳು ಬೇಡ, ನಿಮ್ಮ ದುಶ್ಚಟಗಳನ್ನು ಈ ಜೋಳಿಗೆಗೆ ಹಾಕಿರಿ ಎಂದು ಬೇಡಿದರು. ಅದೇ ಮಹಾಂತ ಜೋಳಿಗೆ. 2018ರಲ್ಲಿ ಪೂಜ್ಯರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿದೆ.

ಜೋಳಿಗೆಗೆ ಚಟ ಹಾಕುವ ಕೈ ಆ ಗಳಿಗೆಯಲ್ಲಿ ಸುಳ್ಳಾಡುವುದಿಲ್ಲ. ಆದರೆ ಶರಣಬಂಧುಗಳೇ, ಹನ್ನೊಂದನೆಯ ದಿನದ ಸಂಜೆಯ ಮಾತೇನು? ಕೂಲಿ ಕೈಗೆ ಬಂದಿದೆ. ದಾರಿಯಲ್ಲಿ ಅದೇ ಅಂಗಡಿ, ಅಂಗಡಿಯ ಮುಂದೆ ಅದೇ ಗೆಳೆಯರು. ಮನೆಯಲ್ಲಿ ಹೆಂಡತಿ ಇನ್ನೂ ನಂಬಿಲ್ಲ. ನಂಬದಿರಲು ಆಕೆಗೆ ಕಾರಣಗಳೂ ಉಂಟು. ಆ ಹೊತ್ತಿನಲ್ಲಿ ಆತನ ಪಕ್ಕದಲ್ಲಿ ನಿಲ್ಲುವವರು ಯಾರು?

ಈ ಪ್ರಶ್ನೆಗೆ ದೂರದ ಅಮೆರಿಕದಲ್ಲಿ ಒಂದು ಉತ್ತರ ಸಿಕ್ಕಿತು. ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರದ ಮನುಷ್ಯ ಕುಡಿದು ಕುಡಿದು ಬದುಕು ಹಾಳುಮಾಡಿಕೊಂಡು, 1934ರ ಡಿಸೆಂಬರಿನಲ್ಲಿ ಬಿಟ್ಟ. ಅಂದಿನಿಂದ ಸಿಕ್ಕ ಸಿಕ್ಕ ಕುಡುಕರಿಗೆಲ್ಲ ಬುದ್ಧಿ ಹೇಳಿದ. ಒಬ್ಬನೂ ಬಿಡಲಿಲ್ಲ. ಆದರೆ ಹೇಳುತ್ತಿದ್ದ ತಾನು ಮಾತ್ರ ಮತ್ತೆ ಕುಡಿದಿರಲಿಲ್ಲ!

1935ರ ಮೇ ತಿಂಗಳಲ್ಲಿ ವ್ಯವಹಾರವೊಂದಕ್ಕಾಗಿ ಆತ ಓಹಿಯೋ ರಾಜ್ಯದ ಆಕ್ರನ್ ನಗರಕ್ಕೆ ಹೋದ. ಕೆಲಸ ಕೆಟ್ಟಿತು. ಹೋಟೆಲಿನ ಪಡಸಾಲೆಯಲ್ಲಿ ಒಂದು ಕಡೆ ಬಾರಿನ ನಗು, ಗಲಾಟೆ. ಇನ್ನೊಂದು ಕಡೆ ಟೆಲಿಫೋನು. ಆತ ಟೆಲಿಫೋನಿನ ಕಡೆ ನಡೆದ. ತಾನು ಉಳಿಯಬೇಕಾದರೆ ತನ್ನಂಥ ಇನ್ನೊಬ್ಬನೊಡನೆ ಮಾತನಾಡಬೇಕೆಂಬುದು ಅವನಿಗೆ ಹೊಳೆದಿತ್ತು. ಊರಿನ ಪಾದ್ರಿಯೊಬ್ಬರ ಮೂಲಕ ಕೊನೆಗೆ ಸಿಕ್ಕವರು ಡಾ. ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು, ಕುಡಿತದಿಂದ ಕೈ ನಡುಗುತ್ತಿದ್ದವರು. ಹದಿನೈದು ನಿಮಿಷ ಮಾತ್ರ ಕೂರುವೆನೆಂದು ಬಂದ ವೈದ್ಯರು ಆರು ಗಂಟೆಗೂ ಮೀರಿ ಕುಳಿತರು. ಉಪದೇಶ ಅವರು ಬೇಕಾದಷ್ಟು ಕೇಳಿದ್ದರು. ಈತ ಹೇಳಿದ್ದು ತನ್ನದೇ ಕಥೆಯನ್ನು.

ಅಂದೇ ಎಲ್ಲವೂ ನೇರಾಯಿತೆಂದು ತಿಳಿಯಬಾರದು. ಕೆಲವೇ ವಾರಗಳಲ್ಲಿ ವೈದ್ಯರ ಸಮ್ಮೇಳನಕ್ಕೆಂದು ಹೋದ ಡಾಕ್ಟರು ಕುಡಿದು ಮರಳಿದರು. ಬಿಲ್ ಬೈಯಲಿಲ್ಲ, ಬಿಟ್ಟು ಹೋಗಲೂ ಇಲ್ಲ. ಶಸ್ತ್ರಚಿಕಿತ್ಸೆಯೊಂದರ ಬೆಳಿಗ್ಗೆ ನಡುಗುವ ಕೈ ನಿಲ್ಲಲೆಂದು ತಾನೇ ಒಂದು ಬಾಟಲಿ ಬಿಯರ್ ಕೊಟ್ಟು ಕಳಿಸಿದ. ಅದೇ ಡಾಕ್ಟರರ ಕೊನೆಯ ಕುಡಿತ. 1935ರ ಜೂನ್ 10ರ ಆ ದಿನವನ್ನೇ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘಟನೆಯ ಹುಟ್ಟುದಿನವೆಂದು ಎಣಿಸುತ್ತಾರೆ. 1950ರಲ್ಲಿ ತೀರಿಕೊಳ್ಳುವವರೆಗೂ ಡಾಕ್ಟರು ಮತ್ತೆ ಮುಟ್ಟಲಿಲ್ಲ.

ಆ ಸಭೆಗಳ ರೀತಿ ಬಹಳ ಸರಳ. ಶುಲ್ಕವಿಲ್ಲ, ಮನೆತನದ ಹೆಸರು ಕೇಳುವುದಿಲ್ಲ, ಬಿಡಬೇಕೆಂಬ ಇಚ್ಛೆಯೊಂದೇ ಅರ್ಹತೆ. ಪೀಠದ ಮೇಲೆ ಕುಳಿತು ಹೇಳುವವರಿಲ್ಲ, ಕೆಳಗೆ ಕುಳಿತು ತಲೆ ತಗ್ಗಿಸುವವರಿಲ್ಲ. ಜನ್ಮವಿಡೀ ಬಿಡುತ್ತೇನೆಂಬ ದೊಡ್ಡ ಮಾತು ಬೇಡ. ಇಂದು ಕುಡಿಯುವುದಿಲ್ಲ ಎಂದರೆ ಸಾಕು. ಹಳಬನೊಬ್ಬ ಹೊಸಬನ ಹೊಣೆ ಹೊರುತ್ತಾನೆ. ಮನಸ್ಸು ಜಾರಿದಾಗ ಅಪರಾತ್ರಿಯಲ್ಲೂ ಆತನನ್ನು ಕರೆಯಬಹುದು. ನೊಂದ ಮನೆಯವರಿಗಾಗಿ ಅಲ್-ಅನಾನ್ ಎಂಬ ಪ್ರತ್ಯೇಕ ಕೂಟ 1951ರಲ್ಲಿ ಹುಟ್ಟಿತು, ಬಿಲ್‌ನ ಪತ್ನಿ ಲೋಯಿಸ್ ಅದರ ಸ್ಥಾಪಕರಲ್ಲೊಬ್ಬರು. ಇದೆಲ್ಲ ಬರಿಯ ನಂಬಿಕೆಯ ಮಾತೇ ಎಂದು ಕೇಳುವವರಿಗೆ: 2020ರಲ್ಲಿ ಕಾಕ್ರೇನ್ ಸಂಸ್ಥೆ ಪ್ರಕಟಿಸಿದ ಸಮೀಕ್ಷೆ 27 ಅಧ್ಯಯನಗಳ, 10,565 ಜನರ ಲೆಕ್ಕ ನೋಡಿತು. ಇಂಥ ಸಭೆಗಳಿಗೆ ಜೋಡಿಸುವ ಕ್ರಮಬದ್ಧ ಚಿಕಿತ್ಸೆ ಪಡೆದವರಲ್ಲಿ, ಒಂದು ವರ್ಷದ ನಂತರವೂ ಪೂರ್ತಿ ದೂರ ಉಳಿದವರ ಪ್ರಮಾಣ ಇತರ ಚಿಕಿತ್ಸೆಗಳಿಗಿಂತ ಹೆಚ್ಚಿತ್ತು.

ನಮ್ಮಲ್ಲೂ ಈ ದಾರಿ ಹೊಸತಲ್ಲ. ಧರ್ಮಸ್ಥಳದ ಜನಜಾಗೃತಿ ವೇದಿಕೆಯವರು ಹಳ್ಳಿಗಳಲ್ಲಿ ಮದ್ಯವರ್ಜನ ಶಿಬಿರ ನಡೆಸಿ ಅಲ್ಲಿಗೇ ಬಿಡುವುದಿಲ್ಲ. ಶಿಬಿರ ಮುಗಿಸಿದವರ ನವಜೀವನ ಸಮಿತಿ ಕಟ್ಟುತ್ತಾರೆ. ನೂರು ದಿನ ದಾಟಿದವರಿಗೆ ಶತದಿನೋತ್ಸವವೆಂಬ ಸಂಭ್ರಮವೂ ಉಂಟು. ಕುಡಿತ ಬಿಟ್ಟವನಿಗೂ ಒಂದು ಉತ್ಸವ ಬೇಕೆಂದು ಯೋಚಿಸಿದವರ ಜಾಣ್ಮೆ ದೊಡ್ಡದು.

ಒಂದು ಎಚ್ಚರಿಕೆಯ ಮಾತು. ಬಹುಕಾಲ, ಬಹಳವಾಗಿ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಪ್ರಾಣಕ್ಕೂ ಕುತ್ತಾದೀತು. ಅಂಥವನನ್ನು ಮೊದಲು ವೈದ್ಯರ ಬಳಿಗೆ ಕರೆದೊಯ್ಯಬೇಕು. ಪ್ರಸಾದ, ಪ್ರತಿಜ್ಞೆ ಅದಕ್ಕೆ ಬದಲಿಯಲ್ಲ.

ಉಳಿದಂತೆ ಮಠಗಳು ಕೊಡಬೇಕಾದದ್ದು ತೀರ ಕಡಿಮೆ. ದಾಸೋಹದ ಮನೆಯ ಪಕ್ಕ ಒಂದು ಕೋಣೆ, ಎರಡು ಜಮಖಾನೆ, ಒಂದು ಕೊಡ ನೀರು. ಮೊದಲ ದಿನ ಇಬ್ಬರೇ ಬಂದರೂ ಸಾಕು. ಆಕ್ರನ್ನಿನಲ್ಲೂ ಇದ್ದವರು ಇಬ್ಬರೇ. ಸ್ವಾಮಿಗಳು ಬಾಗಿಲು ತೆರೆಸಿ ಹೊರಗಿದ್ದರೆ ಒಳಗಿನವರಿಗೆ ಬಾಯಿ ಬಿಡಲು ಸಲೀಸು. ದಿನ ಯಾವುದೆಂದು ಕೇಳಿದರೆ, ಸಂತೆಯ ದಿನವೇ ಆಗಲಿ. ಕೂಲಿ ಕೈಗೆ ಬರುವುದು ಅಂದೇ.