ಮರದ ಗ್ಯಾಲರಿಯ ಆರೋಗ್ಯ ಮತ್ತು ಆಯುಸ್ಸು

ಮುಂಬಯಿ ಮಹಾನಗರದ ಗಿರಗಾಂವ್, ಪರೇಲ್, ಲಾಲ್‌ಬಾಗ್ ಮೊದಲಾದ ಭಾಗಗಳಲ್ಲಿ ಇಂದಿಗೂ ಉಳಿದುಕೊಂಡಿರುವ ಹಳೆಯ ಚಾಳುಗಳನ್ನು ಬಲ್ಲವರಿಗೆ ಅವುಗಳ ಉದ್ದನೆಯ ಮರದ ಗ್ಯಾಲರಿಯನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಸಾಲುಗೂಡಿದ ಕೋಣೆಗಳಿಗೆಲ್ಲ ಅದೊಂದೇ ದಾರಿ. ಮಕ್ಕಳಿಗೆ ಅದೇ ಆಟದ ಅಂಗಳ, ವೃದ್ಧರಿಗೆ ಅದೇ ಸಂಜೆಯ ಜಗಲಿ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ಕನ್ನಡಿಗರ ಎಷ್ಟೋ ಸಂಸಾರಗಳು ಇಂಥ ಗ್ಯಾಲರಿಗಳ ಮೇಲೆಯೇ ಬೆಳೆದು ಬಾಳಿವೆ. ಹೀಗಿದ್ದರೂ ಮನೆಯ ಒಳಭಾಗಕ್ಕೆ ವರ್ಷಕ್ಕೊಮ್ಮೆ ಬಣ್ಣ ಬಳಿಯುವ ಗೃಹಸ್ಥನು ತನ್ನ ಕುಟುಂಬವೆಲ್ಲ ದಿನವೂ ನಡೆದಾಡುವ ಆ ಹಲಗೆಗಳನ್ನು ಒಮ್ಮೆಯಾದರೂ ಬಗ್ಗಿ ನೋಡಿರುತ್ತಾನೆಯೇ ಎಂಬುದು ಸಂದೇಹ. ಮಳೆಗಾಲದಲ್ಲಿ ಎಲ್ಲಿಯೋ ಒಂದು ಗ್ಯಾಲರಿ ಕುಸಿಯಿತೆಂಬ ಸುದ್ದಿ ಬಂದಾಗ ಮಾತ್ರ ಎಲ್ಲರಿಗೂ ಅದರ ನೆನಪಾಗುತ್ತದೆ.

ಶರೀರದ ಆರೋಗ್ಯದಂತೆ ಮರದ ಆರೋಗ್ಯವೂ ರೋಗ ಬಂದ ಮೇಲಿನ ಚಿಕಿತ್ಸೆಗಿಂತ ರೋಗ ಬಾರದಂತೆ ನೋಡಿಕೊಳ್ಳುವುದರಲ್ಲಿಯೇ ಅಡಗಿದೆ. ಅದಕ್ಕಾಗಿ ಮೊದಲು ಮರಕ್ಕೆ ಮುಪ್ಪು ಹೇಗೆ ಬರುತ್ತದೆ ಎಂಬುದನ್ನು ತಿಳಿಯಬೇಕು.

ಮುಪ್ಪಿನ ಕಾರಣಗಳು

ಹಳೆಯ ಕಟ್ಟಡಗಳ ಕಂಬ, ತೊಲೆ, ಹಲಗೆಗಳಲ್ಲಿ ಬಹುಪಾಲು ಸಾಗುವಾನಿ ಮರದವು. ಸಾಗುವಾನಿಯ ಒಳತಿರುಳು, ಅಂದರೆ ಚೇಗು, ತನ್ನಲ್ಲಿರುವ ಎಣ್ಣೆಯಂಶ ಮತ್ತು ಇತರ ಸಹಜ ದ್ರವ್ಯಗಳಿಂದಾಗಿ ಗೆದ್ದಲನ್ನೂ ಕೊಳೆತವನ್ನೂ ಬಹುಕಾಲ ತಡೆದು ನಿಲ್ಲುತ್ತದೆ. ಆದರೆ ಅದೇ ಮರದ ಬಿಳುಪಾದ ಹೊರಭಾಗಕ್ಕೆ ಈ ಶಕ್ತಿಯಿಲ್ಲ. ಆದಕಾರಣ ‘ಇದು ಸಾಗುವಾನಿ, ಇದಕ್ಕೇನೂ ಆಗದು’ ಎಂಬ ನಂಬಿಕೆ ಅರ್ಧ ಸತ್ಯ ಮಾತ್ರ.

ಬಿಸಿಲಿಗೆ ಒಡ್ಡಿದ ಮರವು ಬೂದು ಬಣ್ಣಕ್ಕೆ ತಿರುಗುವುದನ್ನು ಕಂಡು ಅನೇಕರು ಗಾಬರಿಗೊಳ್ಳುತ್ತಾರೆ. ಮರದ ನಾರುಗಳನ್ನು ಬಂಧಿಸಿಡುವ ಲಿಗ್ನಿನ್ ಎಂಬ ವಸ್ತುವನ್ನು ಸೂರ್ಯನ ಅತಿನೇರಳೆ ಕಿರಣಗಳು ಒಡೆಯುವುದರಿಂದ ಈ ಬಣ್ಣ ಬರುತ್ತದೆ. ಇದು ಮೇಲ್ಪದರದ ವಿಕಾರವೇ ಹೊರತು ಒಳಗಿನ ಬಲಕ್ಕೆ ಕುಂದಲ್ಲ. ನಿಜವಾದ ಶತ್ರು ನೀರು. ಮರದಲ್ಲಿ ತೇವಾಂಶವು ಶೇಕಡಾ 20ಕ್ಕಿಂತ ಕೆಳಗಿರುವ ತನಕ ಕೊಳೆಸುವ ಶಿಲೀಂಧ್ರಗಳು ಬೆಳೆಯಲಾರವು. ತೇವವು ಅದನ್ನು ಮೀರಿ ಬಹುದಿನ ನಿಂತಿತೆಂದರೆ ಶಿಲೀಂಧ್ರವು ಒಳಹೊಕ್ಕು ಮರದ ಸತ್ವವನ್ನೇ ತಿನ್ನತೊಡಗುತ್ತದೆ. ಹಲಗೆಯ ಅಗಲವಾದ ಮುಖಕ್ಕಿಂತ ಅದರ ಕತ್ತರಿಸಿದ ತುದಿಯು ಹಲವು ಪಾಲು ಹೆಚ್ಚು ವೇಗವಾಗಿ ನೀರನ್ನು ಹೀರುತ್ತದೆ. ಆದ್ದರಿಂದಲೇ ಕೊಳೆತವು ಸಾಮಾನ್ಯವಾಗಿ ಹಲಗೆಯ ತುದಿಯಲ್ಲಿ, ಕಂಬದ ಬುಡದಲ್ಲಿ, ಗೋಡೆಯೊಳಗೆ ಹುದುಗಿದ ತೊಲೆಯ ಕೊನೆಯಲ್ಲಿ, ಕಟಾಂಜನವು ಕೂಡುವ ಸಂದಿನಲ್ಲಿ ಮೊದಲಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡುವಿಲ್ಲದೆ ಮಳೆ ಸುರಿಯುವ ಮುಂಬಯಿಯಂಥ ಊರಿನಲ್ಲಿ ಈ ಭಾಗಗಳಿಗೆ ಒಣಗಲು ಅವಕಾಶವೇ ಸಿಗುವುದಿಲ್ಲ.

ಮೂರನೆಯ ಕಾರಣ ಮನುಷ್ಯ ನಿರ್ಮಿತವಾದುದು. ಮೂಲತಃ ಹಲಗೆಯಾಗಿದ್ದ ನೆಲದ ಮೇಲೆ ಅನೇಕರು ಚೆಂದಕ್ಕಾಗಿ ಸಿಮೆಂಟು ಹಾಸಿ ಟೈಲ್ಸ್ ಕೂಡಿಸುತ್ತಾರೆ. ಎಷ್ಟೋ ಕಡೆ ನಮ್ಮ ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲನ್ನೇ ಹಾಸಿರುತ್ತಾರೆ. ಇದರಿಂದ ಎರಡು ಅನರ್ಥಗಳು. ಬಿರುಕಿನಿಂದ ಇಳಿದ ನೀರು ಹೊರಬರಲಾರದೆ ಕೆಳಗಿನ ಹಲಗೆಯನ್ನು ಕಣ್ಣಿಗೆ ಕಾಣದಂತೆ ಕೊಳೆಸುತ್ತದೆ. ಜೊತೆಗೆ ತೊಲೆಗಳ ಮೇಲಿನ ಭಾರವೂ ಏರುತ್ತದೆ.

ಈ ಭಾರದ ಲೆಕ್ಕವನ್ನು ಒಮ್ಮೆ ಮಾಡಿ ನೋಡುವುದು ಒಳ್ಳೆಯದು. 6 ಮೀಟರ್ ಉದ್ದ, 1.2 ಮೀಟರ್ ಅಗಲದ ಗ್ಯಾಲರಿಯ ವಿಸ್ತೀರ್ಣ 7.2 ಚದರ ಮೀಟರ್. ಅದರ ಮೇಲೆ 5 ಸೆಂಟಿಮೀಟರ್ ದಪ್ಪದ ಗಾರೆ ಹಾಸಿದರೆ ಪ್ರತಿ ಚದರ ಮೀಟರಿಗೆ ಸುಮಾರು 100 ಕಿಲೋದಂತೆ 720 ಕಿಲೋ ಭಾರ ಬೀಳುತ್ತದೆ. ನೀರಿನ ಅಭಾವಕ್ಕಾಗಿ ಸಾಲಾಗಿಟ್ಟ 200 ಲೀಟರಿನ ನಾಲ್ಕು ಡ್ರಮ್ಮುಗಳ ನೀರು 800 ಕಿಲೋ. ಎರಡೂ ಕೂಡಿ 1,520 ಕಿಲೋ. ಅಂದರೆ 65 ಕಿಲೋ ತೂಕದ ಇಪ್ಪತ್ತಮೂರು ಮಂದಿ ಹಗಲಿರುಳೂ ಆ ಗ್ಯಾಲರಿಯ ಮೇಲೆ ನಿಂತೇ ಇದ್ದಂತಾಯಿತು. ಗಣೇಶನ ಮೆರವಣಿಗೆಯನ್ನು ನೋಡಲು ನೆರೆಹೊರೆಯವರೆಲ್ಲ ಬಂದು ನಿಲ್ಲುವುದು ಇದರ ಮೇಲಿನ ಹೆಚ್ಚಳ.

ತಪಾಸಣೆ

ವೈದ್ಯನು ನಾಡಿ ಹಿಡಿದು ನೋಡುವಂತೆ ಮರವನ್ನು ಪರೀಕ್ಷಿಸುವುದಕ್ಕೂ ಸರಳ ವಿಧಾನಗಳಿವೆ. ಒಂದು ಸ್ಕ್ರೂ ಡ್ರೈವರನ್ನು ಮೇಲೆ ಹೇಳಿದ ಸಂಶಯದ ಸ್ಥಳಗಳಲ್ಲಿ ಒತ್ತಿ ನೋಡಬೇಕು. ಆರೋಗ್ಯವಂತ ಮರ ಅದನ್ನು ತಡೆಯುತ್ತದೆ. ಕೊಳೆತ ಮರದಲ್ಲಿ ಅದು ಮೆತ್ತಗೆ ಇಳಿಯುತ್ತದೆ. ಕೊರಡಿನಿಂದ ತಟ್ಟಿದಾಗ ಗಟ್ಟಿಮರ ಖಣಿಲೆಂದರೆ ಪೊಳ್ಳುಮರ ಮಂಕಾದ ಸದ್ದು ಮಾಡುತ್ತದೆ. ಗೋಡೆಯ ಮೇಲೆ ಮಣ್ಣಿನ ಸಣ್ಣ ಸುರಂಗಗಳು ಕಂಡರೆ ಗೆದ್ದಲಿನ ಸುಳಿವು. ನೆಲದ ಮೇಲೆ ಹಿಟ್ಟಿನಂಥ ನುಣ್ಣನೆಯ ಪುಡಿ ಉದುರಿದ್ದರೆ ಮರ ಕೊರೆಯುವ ಹುಳುವಿನ ಸುಳಿವು. ಹಲಗೆಗಳು ನಡೆದಾಗ ಬಾಗುತ್ತಿದ್ದರೆ, ಕಟಾಂಜನವು ಅಲುಗಾಡುತ್ತಿದ್ದರೆ, ಗ್ಯಾಲರಿಯೂ ಗೋಡೆಯೂ ಕೂಡುವಲ್ಲಿ ಹೊಸ ಬಿರುಕು ಕಾಣಿಸಿದ್ದರೆ ತಡಮಾಡಕೂಡದು. ಪರೀಕ್ಷೆಯನ್ನು ಮೇಲಿನಿಂದ ಮಾತ್ರವಲ್ಲದೆ ಕೆಳಗಿನ ಅಂತಸ್ತಿನಿಂದಲೂ ಮಾಡಬೇಕೆಂಬುದನ್ನು ಮರೆಯಬಾರದು. ರೋಗ ಹೆಚ್ಚಾಗಿ ಅಡಗಿರುವುದು ಕೆಳಮೈಯಲ್ಲಿ.

ತೊಲೆ ಹಾಗೂ ಕಂಬಗಳಲ್ಲಿ ದೋಷ ಕಂಡುಬಂದರೆ ಅದು ಬಡಗಿಯ ಕೆಲಸವಷ್ಟೇ ಅಲ್ಲ, ನೋಂದಾಯಿತ ಸ್ಟ್ರಕ್ಚರಲ್ ಇಂಜಿನಿಯರರ ಕೆಲಸ. ಮುಂಬಯಿಯಲ್ಲಿ 30 ವರ್ಷ ಮೀರಿದ ಕಟ್ಟಡಗಳ ದೃಢತೆಯನ್ನು ಇಂಥ ಇಂಜಿನಿಯರರಿಂದ ಪರೀಕ್ಷಿಸಿಕೊಳ್ಳಬೇಕೆಂಬ ನಿಯಮ 2009ರಿಂದ ಕಾನೂನಿನಲ್ಲಿದೆ. ಅವರು ಬರುವ ತನಕ ಡ್ರಮ್ಮುಗಳನ್ನು ತೆಗೆದು, ಆ ಭಾಗದಲ್ಲಿ ಜನಸಂಚಾರವನ್ನು ನಿಲ್ಲಿಸುವುದು ಮನೆಯವರೇ ಮಾಡಬಹುದಾದ ಪ್ರಥಮ ಚಿಕಿತ್ಸೆ.

ಚಿಕಿತ್ಸೆ

ಚಿಕಿತ್ಸೆಗೆ ತಕ್ಕ ಕಾಲ ದೀಪಾವಳಿಯ ನಂತರದಿಂದ ಏಪ್ರಿಲ್‌ವರೆಗಿನ ಒಣಹವೆ. ಮಳೆಗಾಲದ ತೇವ ಇಳಿದುಹೋಗದ ಮರದ ಮೇಲೆ ಬಣ್ಣ ಬಳಿಯುವುದೆಂದರೆ ರೋಗವನ್ನು ಒಳಗೇ ಇಟ್ಟು ಗಾಯವನ್ನು ಹೊಲಿದಂತೆ.

ಮೊದಲನೆಯದು ನೀರಿನ ದಾರಿಯನ್ನು ಮುಚ್ಚುವುದು. ಸೋರುವ ಕೊಳಾಯಿ, ಮುರಿದ ಮಳೆನೀರಿನ ಕೊಳವೆ, ಹೆಂಚಿನ ಸಂದು ಇವುಗಳನ್ನು ಸರಿಪಡಿಸದೆ ಮರವನ್ನು ದುರಸ್ತಿಮಾಡಿದರೆ ವೆಚ್ಚವೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ.

ಎರಡನೆಯದು ಕೊಳೆತ ಭಾಗವನ್ನು ತೆಗೆಯುವುದು. ಕಣ್ಣಿಗೆ ಕಾಣುವ ಕೊಳೆತದ ಅಂಚಿನಲ್ಲಿ ನಿಲ್ಲದೆ ಗಟ್ಟಿಮರದೊಳಗೂ ಸ್ವಲ್ಪ ದೂರ ಸರಿದು ಕತ್ತರಿಸಿ, ಅಷ್ಟೇ ದಪ್ಪದ ಒಣಗಿದ ಮರವನ್ನು ಜೋಡಿಸಬೇಕು. ಕೆಡವಿದ ಕಟ್ಟಡಗಳಿಂದ ಬಂದ ಹಳೆಯ ಸಾಗುವಾನಿ ಇದಕ್ಕೆ ಬಹಳ ಯೋಗ್ಯ, ಏಕೆಂದರೆ ಅದು ಕುಗ್ಗಿ ಬಾಗುವುದೆಲ್ಲ ಎಂದೋ ಮುಗಿದಿರುತ್ತದೆ. ಪೊಳ್ಳಿನೊಳಗೆ ಲಪ್ಪ ತುಂಬಿ ಮೇಲೆ ಬಣ್ಣ ಬಳಿಯುವುದು ಬಲವನ್ನು ಕೊಡುವುದಿಲ್ಲ, ಅಪಾಯವನ್ನು ಮರೆಮಾಡುತ್ತದೆ ಅಷ್ಟೆ. ಸಮುದ್ರದ ಉಪ್ಪುಗಾಳಿಗೆ ಕಬ್ಬಿಣದ ಮೊಳೆ ಬೇಗ ತುಕ್ಕು ಹಿಡಿಯುವುದರಿಂದ ಹಿತ್ತಾಳೆಯ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಸ್ಕ್ರೂಗಳನ್ನು ಬಳಸುವುದು ಲೇಸು. ಬಯಲಿಗೆ ಒಡ್ಡಿದ ಹಲಗೆಗಳ ನಡುವೆ ನೀರು ಇಳಿಯುವಷ್ಟು, ಅಂದರೆ 3ರಿಂದ 6 ಮಿಲಿಮೀಟರಿನಷ್ಟು ಅಂತರವನ್ನು ಬಿಡಬೇಕು.

ಮೂರನೆಯದು ಶುದ್ಧಿ. ಪಾಚಿ ಹಾಗೂ ಕೊಳೆಯನ್ನು ಸಾಬೂನಿನ ನೀರು ಮತ್ತು ಮೆತ್ತನೆಯ ಬ್ರಷ್ಷಿನಿಂದ ನಾರಿನ ದಿಕ್ಕಿನಲ್ಲಿಯೇ ಉಜ್ಜಿ ತೆಗೆಯಬೇಕು. ಯಂತ್ರದ ಮೂಲಕ ರಭಸದ ನೀರು ಹಾಯಿಸಿದರೆ ಮರದ ನಾರು ಕಿತ್ತುಬರುತ್ತದೆ. ತುಕ್ಕಿನ ಕಲೆಗೆ ಆಕ್ಸಾಲಿಕ್ ಆಮ್ಲದ ತೆಳುದ್ರಾವಣ ಉಪಯುಕ್ತ. ಅದು ವಿಷಕರವಾದುದರಿಂದ ಕೈಗವಸು ಧರಿಸಿ, ಕಣ್ಣಿಗೆ ಸಿಡಿಯದಂತೆ ಎಚ್ಚರ ವಹಿಸಿ, ಬಳಿಕ ಧಾರಾಳ ನೀರಿನಿಂದ ತೊಳೆಯಬೇಕು. ಹಲವು ದಿನ ಒಣಗಿದ ಮೇಲೆ ಮರಳುಕಾಗದದಿಂದ ತಿಕ್ಕಿ ನಯಮಾಡಬೇಕು.

ಇಲ್ಲಿ ಆರೋಗ್ಯಕ್ಕೆ ಸಂಬಂಧಿಸಿದ ಒಂದು ಗಂಭೀರ ಎಚ್ಚರಿಕೆ ಅವಶ್ಯಕ. ಹಳೆಯ ಬಣ್ಣಗಳಲ್ಲಿ ಸೀಸದ ಅಂಶ ಇರುವ ಸಂಭವ ಹೆಚ್ಚು. ಭಾರತದಲ್ಲಿ ಮನೆಬಳಕೆಯ ಬಣ್ಣಗಳ ಸೀಸವನ್ನು ಹತ್ತು ಲಕ್ಷಕ್ಕೆ 90 ಭಾಗಕ್ಕೆ ಮಿತಗೊಳಿಸಿದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅಂಥ ಬಣ್ಣವನ್ನು ಒಣದಾಗಿ ತಿಕ್ಕಿದಾಗ ಏಳುವ ಧೂಳು ಶರೀರವನ್ನು ಸೇರಿದರೆ ಎಳೆಯ ಮಕ್ಕಳ ಮಿದುಳಿನ ಬೆಳವಣಿಗೆಗೇ ಹಾನಿ. ಆದ್ದರಿಂದ ಹಳೆಯ ಬಣ್ಣವನ್ನು ಒದ್ದೆ ಮಾಡಿಯೇ ಕೆರೆಯಬೇಕು. ಸೂಕ್ಷ್ಮ ಧೂಳನ್ನು ತಡೆಯುವ ಮುಖವಾಡ ಧರಿಸಬೇಕು. ಮಕ್ಕಳನ್ನೂ ಗರ್ಭಿಣಿಯರನ್ನೂ ದೂರವಿರಿಸಬೇಕು. ಉದುರಿದ ಚೂರುಗಳನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು; ಸುಡಲೇಬಾರದು.

ರಕ್ಷಣೆ

ಹೊಸದಾಗಿ ಜೋಡಿಸಿದ ಮರಕ್ಕೆ ಸಂರಕ್ಷಕ ದ್ರವ್ಯದ ಉಪಚಾರ ಅಗತ್ಯ. ಈ ವಿದ್ಯೆಯಲ್ಲಿ ಭಾರತದ ಕೊಡುಗೆ ಸಣ್ಣದಲ್ಲ. ತಾಮ್ರ, ಕ್ರೋಮಿಯಂ, ಆರ್ಸೆನಿಕ್‌ಗಳ ಜಗತ್ಪ್ರಸಿದ್ಧ ಮಿಶ್ರಣವನ್ನು 1933ರಲ್ಲಿ ಕಂಡುಹಿಡಿದವರು ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಂ ಅವರು. ಆರ್ಸೆನಿಕ್ ವಿಷವಾದುದರಿಂದ ಈಚಿನ ದಶಕಗಳಲ್ಲಿ ವಾಸದ ಮನೆಗಳಲ್ಲಿ ಅದರ ಬಳಕೆಯನ್ನು ಹಲವು ದೇಶಗಳು ಕೈಬಿಟ್ಟಿವೆ. ಮನೆಯ ಮಟ್ಟಿಗೆ ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಸಾಕಷ್ಟು ಕ್ಷೇಮಕರ. ಆದರೆ ಅದು ಮಳೆನೀರಿಗೆ ಕರಗಿಹೋಗುವ ಗುಣದ್ದು; ಆದಕಾರಣ ಅದರ ಮೇಲೆ ಎಣ್ಣೆ ಅಥವಾ ಬಣ್ಣದ ಹೊದಿಕೆ ಇರಲೇಬೇಕು.

ಕರಾವಳಿಯ ಹಿರಿಯರು ಮನೆಯ ಮರಮುಟ್ಟುಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಹಚ್ಚುತ್ತಿದ್ದುದನ್ನು ಅನೇಕ ಓದುಗರು ಬಲ್ಲರು. ಗೆದ್ದಲನ್ನು ದೂರವಿರಿಸುವ ಗುಣ ಅದಕ್ಕೆ ನಿಜವಾಗಿಯೂ ಇದೆ. ಆದರೆ ಅದು ಚರ್ಮವನ್ನು ಸುಡುವ ದ್ರವ್ಯ. ಕೈಯಾಡುವ ಕಟಾಂಜನಕ್ಕೆ ಹೇಳಿದ್ದಲ್ಲ. ಅಲ್ಲಿಗೆ ಕುದಿಸಿದ ಅಗಸೆ ಎಣ್ಣೆಯನ್ನು ತೆಳುವಾಗಿ ಎರಡು ಮೂರು ಸಲ ಹಚ್ಚಿ, ಪ್ರತಿಸಲವೂ ಉಳಿದುದನ್ನು ಒರೆಸಿ ತೆಗೆಯಬಹುದು. ಹೀಗೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆಸೆದರೆ ಅದು ತಾನಾಗಿಯೇ ಕಾವೇರಿ ಹೊತ್ತಿಕೊಳ್ಳುವುದುಂಟು. ಮರದ ಕಟ್ಟಡದಲ್ಲಿ ಇದರ ಪರಿಣಾಮವನ್ನು ಊಹಿಸಬಹುದು. ಅಂಥ ಬಟ್ಟೆಯನ್ನು ನೀರಿನಲ್ಲಿ ನೆನೆಸಿ ಬಯಲಿನಲ್ಲಿ ಹರಡಿ ಒಣಗಿಸಬೇಕು. ಕತ್ತರಿಸಿದ ತುದಿಗಳಿಗೆ ಮಾತ್ರ ಒಂದೆರಡು ಲೇಪ ಹೆಚ್ಚಾಗಿಯೇ ಇರಲಿ. ಎಣ್ಣೆಯ ಉಪಚಾರವನ್ನು ಪ್ರತಿ ವರ್ಷ ಮೇ ತಿಂಗಳಿನೊಳಗೆ ಪುನಃ ಮಾಡುವುದು ಉತ್ತಮ.

ವೆಚ್ಚ ಯಾರದು?

ದುರಸ್ತಿಯ ಮಾತು ಬಂದೊಡನೆ ಬಾಡಿಗೆದಾರನು ಮಾಲೀಕನ ಕಡೆಗೂ ಮಾಲೀಕನು ಸರ್ಕಾರದ ಕಡೆಗೂ ಬೆರಳು ತೋರಿಸುವುದು ರೂಢಿ. 1947ರ ಬಾಡಿಗೆ ಕಾಯಿದೆಯು 1940ರ ಬಾಡಿಗೆಯನ್ನೇ ಆಧಾರವಾಗಿ ಹಿಡಿದುದರಿಂದ ಎಷ್ಟೋ ಮಾಲೀಕರಿಗೆ ಬರುವ ಉತ್ಪನ್ನ ಒಂದು ಹಲಗೆಯ ಬೆಲೆಗೂ ಸಾಲದಾಯಿತು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ ಪ್ರಕಾರ ಕಟ್ಟಡವನ್ನು ಸುಸ್ಥಿತಿಯಲ್ಲಿಡುವುದು ಮಾಲೀಕನ ಕರ್ತವ್ಯ. ಲಿಖಿತ ಸೂಚನೆ ಕೊಟ್ಟ ಮೇಲೂ ಆತ ಉಪೇಕ್ಷಿಸಿದರೆ ಬಾಡಿಗೆದಾರರೇ ದುರಸ್ತಿ ಮಾಡಿಸಿ, ವರ್ಷದ ಬಾಡಿಗೆಯ ನಾಲ್ಕನೆಯ ಒಂದು ಭಾಗ ಮೀರದಂತೆ ಅದನ್ನು ಮುರಿದುಕೊಳ್ಳಬಹುದು. ಬಾಡಿಗೆಯೇ ಅತ್ಯಲ್ಪವಾದಲ್ಲಿ ಈ ಸೌಕರ್ಯದಿಂದ ದೊರೆಯುವುದೂ ಅತ್ಯಲ್ಪವೇ. ಸೆಸ್ ತೆರುವ ಹಳೆಯ ಕಟ್ಟಡಗಳ ನಿವಾಸಿಗಳು ಮ್ಹಾಡಾ ಸಂಸ್ಥೆಯ ದುರಸ್ತಿ ಮಂಡಲಿಗೆ ಅರ್ಜಿ ಸಲ್ಲಿಸಬಹುದು.

ಆದರೆ ಅರ್ಜಿಯ ಉತ್ತರಕ್ಕಾಗಿ ಮಳೆಗಾಲ ಕಾಯುವುದಿಲ್ಲ. ಒಂದು ಅಂತಸ್ತಿನ ಹತ್ತು ಮನೆಯವರು ತಿಂಗಳಿಗೆ ತಲಾ 200 ರೂಪಾಯಿಯಂತೆ ಒಂದು ಜಂಟಿ ಖಾತೆಯಲ್ಲಿ ಜಮೆ ಮಾಡುತ್ತ ಬಂದರೆ ವರ್ಷಕ್ಕೆ 24,000 ರೂಪಾಯಿ ಕೂಡುತ್ತದೆ. ತೊಲೆಗಳನ್ನು ಬದಲಿಸಲು ಇದು ಸಾಲದು. ಆದರೆ ತೊಲೆಗಳು ಬದಲಿಸುವ ಸ್ಥಿತಿಗೆ ಬಾರದಂತೆ ಶುದ್ಧಿ, ಎಣ್ಣೆ, ಸಣ್ಣಪುಟ್ಟ ದುರಸ್ತಿಗಳನ್ನು ನಡೆಸಿಕೊಂಡು ಹೋಗಲು ಬಹುಮಟ್ಟಿಗೆ ನೆರವಾದೀತು. ವ್ಯಾಪಾರಸ್ಥನು ಯಂತ್ರದ ಸವಕಳಿಗೆಂದು ಪ್ರತಿವರ್ಷ ಹಣ ತೆಗೆದಿಡುವಂತೆ ಗೃಹಸ್ಥನೂ ತನ್ನ ಕಾಲಕೆಳಗಿನ ಹಲಗೆಯ ಸವಕಳಿಗೆ ಅಷ್ಟಿಷ್ಟು ತೆಗೆದಿಡಬೇಕು.

ಮರವು ಒಮ್ಮೆಲೇ ಮುರಿಯುವುದಿಲ್ಲ. ಕರಕರ ಸದ್ದಿನಿಂದ, ಬಾಗುವಿಕೆಯಿಂದ, ಉದುರುವ ಪುಡಿಯಿಂದ ಬಹುಕಾಲ ಮುಂಚಿತವಾಗಿಯೇ ಎಚ್ಚರಿಕೆ ಕೊಡುತ್ತದೆ. ಆ ಎಚ್ಚರಿಕೆಯನ್ನು ಕೇಳಿಸಿಕೊಂಡ ಮನೆಗಳಲ್ಲಿ ಅಜ್ಜನು ನಿಂತ ಹಲಗೆಯ ಮೇಲೆ ಮೊಮ್ಮಗನೂ ನಿರ್ಭಯವಾಗಿ ನಿಲ್ಲಬಹುದು. ಈ ವರ್ಷದ ಮಳೆ ಬರುವ ಮುನ್ನ ಪ್ರತಿಯೊಬ್ಬ ಗೃಹಸ್ಥನೂ ಅರ್ಧ ಗಂಟೆಯ ಬಿಡುವು ಮಾಡಿಕೊಂಡು, ಕೈಯಲ್ಲೊಂದು ಸ್ಕ್ರೂ ಡ್ರೈವರ್ ಹಿಡಿದು ತನ್ನ ಗ್ಯಾಲರಿಯನ್ನು ಮೇಲಿನಿಂದಲೂ ಕೆಳಗಿನಿಂದಲೂ ಒಮ್ಮೆ ನೋಡಿಕೊಳ್ಳುವುದು ಅವಶ್ಯ.