ಶ್ವಾಸಕೋಶದ ಸೌಮ್ಯಾರ್ಬುದಗಳ ನಿದಾನ

ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರು ಉಪಾಯಗಳಿಂದ ರೋಗಿಯನ್ನು ಪರೀಕ್ಷಿಸಬೇಕೆಂಬುದು ಭಾರತೀಯ ವೈದ್ಯಶಾಸ್ತ್ರದ ಹಳೆಯ ವಿಧಿ. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಅರ್ಬುದಕ್ಕೆ ಹೇಳಿರುವ ಲಕ್ಷಣಗಳೆಲ್ಲವೂ ಈ ಉಪಾಯಗಳಿಗೆ ನಿಲುಕುವಂಥವು: ದುಂಡಾಗಿರುವುದು, ಕದಲದಿರುವುದು, ನೋವು ಅಲ್ಪವಾಗಿರುವುದು, ಬೇರು ಆಳವಾಗಿರುವುದು, ಬಹುಕಾಲ ಬೆಳೆಯುವುದು, ಕೀವುಗಟ್ಟದಿರುವುದು. ಮೈಯ ಮೇಲಿನ ಗಡ್ಡೆಯಾದರೆ ಇವನ್ನು ಕಣ್ಣಿನಿಂದ ಕಾಣಬಹುದು, ಕೈಯಿಂದ ಮುಟ್ಟಿ ಅರಿಯಬಹುದು. ಶ್ವಾಸಕೋಶವಾದರೋ ಪಕ್ಕೆಲುಬುಗಳ ಗೂಡಿನೊಳಗೆ ಅಡಗಿದೆ. ಅದರ ಒಡಲಿಗೆ ನೋವಿನ ಅರಿವಿಲ್ಲದಿರುವುದರಿಂದ ಅಲ್ಲಿ ಹುಟ್ಟಿದ ಸಣ್ಣ ಗಂಟು ಬಹುಮಟ್ಟಿಗೆ ಮೌನವಾಗಿಯೇ ಇರುತ್ತದೆ. ರೋಗಿಯನ್ನು ಪ್ರಶ್ನಿಸಿದರೂ ಅವನಿಗೆ ಹೇಳುವುದಕ್ಕೇನೂ ಇರುವುದಿಲ್ಲ. ಹೀಗೆ ಮೂರು ಉಪಾಯಗಳೂ ಕೈಬಿಟ್ಟ ಎಡೆಯಲ್ಲಿ ಸೌಮ್ಯವಾದ ಗಂಟನ್ನು ದುಷ್ಟವಾದುದರಿಂದ ಬೇರ್ಪಡಿಸಿ ತಿಳಿಯುವುದು ಹೇಗೆ ಎಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯ.

1895ರಲ್ಲಿ ರಾಂಟ್ಗೆನ್ ಕ್ಷ-ಕಿರಣಗಳನ್ನು ಕಂಡುಹಿಡಿದ ಮೇಲೆ ಎದೆಯ ಒಳಗು ನೆರಳಿನ ರೂಪದಲ್ಲಿ ಕಾಣಿಸತೊಡಗಿತು. ಬೇರಾವುದೋ ಕಾರಣಕ್ಕಾಗಿ ತೆಗೆದ ಚಿತ್ರದಲ್ಲಿ ದುಂಡನೆಯ ನೆರಳೊಂದು ಅಕಸ್ಮಾತ್ತಾಗಿ ಕಾಣುವುದು ಸಾಮಾನ್ಯ. ಅದರ ಅಡ್ಡಳತೆ 3 ಸೆಂಟಿಮೀಟರನ್ನು ಮೀರದಿದ್ದರೆ ಅದಕ್ಕೆ ಗಂಟೆಂದೂ, ಮೀರಿದರೆ ಗಡ್ಡೆಯೆಂದೂ ಹೇಳುವುದು ವೈದ್ಯರ ವಾಡಿಕೆ. ಆ ನೆರಳು ಹಿಂದೆ ಬಂದು ಮಾಗಿದ ಕ್ಷಯದ ಕಲೆಯಾಗಿರಬಹುದು, ಸೌಮ್ಯಾರ್ಬುದವಾಗಿರಬಹುದು, ಕ್ಯಾನ್ಸರೂ ಆಗಿರಬಹುದು. ಸೌಮ್ಯವನ್ನು ದುಷ್ಟವೆಂದು ಬಗೆದರೆ ಆರೋಗ್ಯವಂತನ ಎದೆಯನ್ನು ಸುಮ್ಮನೆ ಸೀಳಿದಂತಾಗುತ್ತದೆ. ದುಷ್ಟವನ್ನು ಸೌಮ್ಯವೆಂದು ಬಗೆದರೆ ಗುಣಪಡಿಸಬಹುದಾಗಿದ್ದ ಕಾಲ ಕಳೆದುಹೋಗುತ್ತದೆ. ಅಮೆರಿಕದಲ್ಲಿ ಧೂಮಪಾನದ ಅಭ್ಯಾಸವಿದ್ದ 53,454 ಮಂದಿಯ ಮೇಲೆ ನಡೆದು 2011ರಲ್ಲಿ ಫಲಿತಾಂಶ ಪ್ರಕಟವಾದ ದೊಡ್ಡ ಪರೀಕ್ಷೆಯೊಂದು ಈ ಇಕ್ಕಟ್ಟನ್ನು ಅಂಕಿಗಳಲ್ಲಿ ತೋರಿಸಿತು. ಸಿ.ಟಿ. ಚಿತ್ರದಿಂದ ಪರೀಕ್ಷಿಸಲ್ಪಟ್ಟವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಮರಣಗಳು ನೂರಕ್ಕೆ 20ರಷ್ಟು ಕಡಿಮೆಯಾದುವು. ಆದರೆ ಸಂಶಯಾಸ್ಪದವೆಂದು ಎಣಿಸಿದ ಚಿತ್ರಗಳಲ್ಲಿ ನೂರಕ್ಕೆ 96.4ರಷ್ಟು ಕ್ಯಾನ್ಸರಿನವಾಗಿರಲಿಲ್ಲ. ಹುಡುಕಿದರೆ ಪ್ರಾಣ ಉಳಿಯುವುದೂ ನಿಜ, ಹುಡುಕಿದಾಗ ಸಿಕ್ಕುವುದರಲ್ಲಿ ಬಹುಭಾಗ ನಿರಪಾಯವೆಂಬುದೂ ನಿಜ.

ನೆರಳಿನಿಂದ ವಸ್ತುವನ್ನು ನಿಶ್ಚಯಿಸುವುದು, ಹೊಗೆಯಿಂದ ಬೆಂಕಿಯನ್ನು ತಿಳಿಯುವಂತೆ, ಅನುಮಾನ ಪ್ರಮಾಣದ ಕಾರ್ಯ. ತಾರ್ಕಿಕರು ಹೇತುವಿಗೂ ಸಾಧ್ಯಕ್ಕೂ ನಡುವೆ ತಪ್ಪದ ವ್ಯಾಪ್ತಿ ಇರಬೇಕೆಂದು ವಿಧಿಸಿದ್ದಾರೆ. ಈ ಒರೆಗಲ್ಲಿಗೆ ಹಚ್ಚಿದರೆ ಗಂಟಿನ ಅನೇಕ ಲಕ್ಷಣಗಳು ಸವ್ಯಭಿಚಾರ ಹೇತುಗಳೆಂದು ಗೊತ್ತಾಗುತ್ತದೆ. ಅಂಚು ನುಣುಪಾಗಿದ್ದರೆ ಗಂಟು ಸೌಮ್ಯವೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ದೇಹದ ಬೇರೆಡೆಯ ಕ್ಯಾನ್ಸರಿನಿಂದ ಶ್ವಾಸಕೋಶಕ್ಕೆ ಹರಡಿ ಬಂದ ಗಂಟುಗಳೂ ಹಲವು ವೇಳೆ ದುಂಡಗೆ, ನುಣುಪಾಗಿಯೇ ಇರುತ್ತವೆ. ಅಂಚಿನಿಂದ ಮುಳ್ಳುಗಳಂತೆ ಗೆರೆಗಳು ಹೊರಟಿದ್ದರೆ ಕ್ಯಾನ್ಸರಿನ ಶಂಕೆ ಬಲವಾಗುತ್ತದೆ. ಆದರೆ ಹಳೆಯ ಉರಿಯೂತದ ಕಲೆಯೂ ಅದೇ ಆಕಾರವನ್ನು ತಾಳಬಲ್ಲುದು. ಗಾತ್ರ, ವಯಸ್ಸು, ಧೂಮಪಾನ ಇವು ಸಂಭವವನ್ನು ಹೆಚ್ಚಿಸುತ್ತವೆ ಇಲ್ಲವೆ ತಗ್ಗಿಸುತ್ತವೆ, ನಿಶ್ಚಯವನ್ನು ಕೊಡಲಾರವು.

ವ್ಯಾಪ್ತಿಗೆ ಬಹಳ ಸಮೀಪವಾದ ಹೇತುಗಳು ಎರಡುಂಟು. ಮೊದಲನೆಯದು ಸುಣ್ಣದ ಶೇಖರಣೆ. ಸುಣ್ಣವು ಗಂಟಿನ ನಟ್ಟನಡುವೆ ಕೂಡಿದ್ದರೆ, ಇಲ್ಲವೆ ಈರುಳ್ಳಿಯ ಪದರಗಳಂತೆ ಸುತ್ತುಸುತ್ತಾಗಿದ್ದರೆ, ಇಲ್ಲವೆ ಗಂಟನ್ನೆಲ್ಲ ಸಮನಾಗಿ ತುಂಬಿದ್ದರೆ, ಅದು ಮಾಗಿದ ಸೋಂಕಿನ ಗುರುತು. ಅರಳಿದ ಜೋಳದ ಕಾಳಿನಂತೆ ಉಂಡೆಯುಂಡೆಯಾಗಿ ಕಂಡರೆ ಅದು ಸೌಮ್ಯಾರ್ಬುದಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದ ಹಮಾರ್ಟೋಮದ ಗುರುತು. ಸುಣ್ಣವು ಒಂದು ಪಕ್ಕದಲ್ಲಿ ಮಾತ್ರ ಇದ್ದರೆ, ಅಥವಾ ಚುಕ್ಕೆಚುಕ್ಕೆಯಾಗಿ ಚೆದರಿದ್ದರೆ, ಶಂಕೆ ನೀಗುವುದಿಲ್ಲ. ಎರಡನೆಯ ಹೇತು ಕೊಬ್ಬು. 1971ರಲ್ಲಿ ಮೊದಲ ರೋಗಿಯ ಚಿತ್ರವನ್ನು ತೆಗೆದ ಸಿ.ಟಿ. ಯಂತ್ರದ ನಿರ್ಮಾಪಕ ಹೌನ್ಸ್‌ಫೀಲ್ಡನ ಹೆಸರಿನ ಮಾನದಲ್ಲಿ ನೀರಿನ ಬೆಲೆ 0, ಗಾಳಿಯದು −1000. ಕೊಬ್ಬಿನದು ಸುಮಾರು −40ರಿಂದ −120ರ ವರೆಗೆ. ನುಣುಪಾದ ಅಂಚಿನ ಸಣ್ಣ ಗಂಟಿನೊಳಗೆ ಈ ಬೆಲೆ ದೊರೆತರೆ ಅದನ್ನು ಹಮಾರ್ಟೋಮವೆಂದೇ ಹೇಳುವುದು ಬಹುಮಟ್ಟಿಗೆ ನಿರ್ಬಾಧಕ. ಆದರೂ ಹೊಗೆಗೆ ಹಸಿಯ ಸೌದೆಯಿರುವಂತೆ ಈ ವ್ಯಾಪ್ತಿಗೂ ಒಂದು ಉಪಾಧಿ ಇದೆ. ಮೂಳೆಯ ಅಥವಾ ಕೊಬ್ಬಿನ ದುಷ್ಟಾರ್ಬುದದಿಂದ ಹರಡಿದ ಗಂಟುಗಳಲ್ಲಿಯೂ ಸುಣ್ಣವೋ ಕೊಬ್ಬೋ ಇರಬಹುದಾದುದರಿಂದ, ರೋಗಿಗೆ ಅಂಥ ಪೂರ್ವವೃತ್ತಾಂತವಿಲ್ಲವೆಂದು ತಿಳಿದ ಮೇಲೆಯೇ ಹೇತು ಸಾಧುವಾಗುತ್ತದೆ. ಹೀಗೆ ನೆರಳನ್ನು ನೋಡಿದ ವೈದ್ಯನು ಮರಳಿ ಪ್ರಶ್ನಕ್ಕೇ ಬರಬೇಕಾಗುತ್ತದೆ.

ಈ ಎರಡು ಗುರುತುಗಳೂ ಇಲ್ಲದ ಗಂಟುಗಳಲ್ಲಿ ಕಾಲವೇ ಸಾಕ್ಷಿ. ಗೋಳದ ಅಡ್ಡಳತೆ 1 ಸೆಂಟಿಮೀಟರಿನಿಂದ 1.26 ಸೆಂಟಿಮೀಟರಿಗೆ ಏರಿದರೆ ಅದರ ಘನಗಾತ್ರ ಇಮ್ಮಡಿಯಾಗಿರುತ್ತದೆ. ಕಣ್ಣಿಗೆ ಅಲ್ಪವಾಗಿ ತೋರುವ ಬೆಳೆವಣಿಗೆ ಲೆಕ್ಕದಲ್ಲಿ ಅಲ್ಪವಲ್ಲ. ಆದುದರಿಂದ ಹಳೆಯ ಚಿತ್ರವೊಂದು ದೊರೆತರೆ ಅದಕ್ಕಿಂತ ಬೆಲೆಯುಳ್ಳ ದಾಖಲೆ ಬೇರೊಂದಿಲ್ಲ. ಗಟ್ಟಿಯಾದ ಗಂಟು 2 ವರ್ಷಗಳ ಕಾಲ ಬೆಳೆಯದೆ ನಿಂತಿದ್ದರೆ ಅದು ಸೌಮ್ಯವೆಂದು ತೀರ್ಮಾನಿಸುವುದು ರೂಢಿಯಾಗಿದೆ. ಮಂಜಿನಂತೆ ಮಸುಕಾಗಿ ಕಾಣುವ ಗಂಟುಗಳು ಬಹಳ ಮೆಲ್ಲನೆ ಬೆಳೆಯುವುದರಿಂದ ಅವುಗಳಿಗೆ ಇಷ್ಟು ಕಾಲ ಸಾಲದು. ಫ್ಲೈಷ್ನರ್ ಸಂಘವು 2017ರಲ್ಲಿ ಪರಿಷ್ಕರಿಸಿದ ಸೂಚನೆಗಳಂತೆ, ಅಪಾಯದ ಕಾರಣಗಳಿಲ್ಲದವರಲ್ಲಿ 6 ಮಿಲಿಮೀಟರಿಗಿಂತ ಸಣ್ಣದಾದ ಗಟ್ಟಿ ಗಂಟಿಗೆ ಮರುಪರೀಕ್ಷೆಯೇ ಅವಶ್ಯಕವಲ್ಲ. ಇತ್ತ ಹಮಾರ್ಟೋಮವೂ ವರ್ಷಗಳುದ್ದಕ್ಕೂ ಸ್ವಲ್ಪಸ್ವಲ್ಪವಾಗಿ ಬೆಳೆಯಬಲ್ಲುದಾದುದರಿಂದ ಬೆಳೆದುದೆಲ್ಲ ದುಷ್ಟವೆಂದೂ ಹೇಳುವಂತಿಲ್ಲ. ಶಾಸ್ತ್ರದ ನಿದಾನಕ್ಕೂ ರೂಢಿಯ ನಿಧಾನಕ್ಕೂ ವ್ಯುತ್ಪತ್ತಿ ಬೇರೆಯಾದರೂ ಈ ರೋಗದಲ್ಲಿ ಒಂದನ್ನು ಬಿಟ್ಟು ಇನ್ನೊಂದಿಲ್ಲ.

ಕಾಯುವುದು ಉಚಿತವಲ್ಲವೆಂದು ತೋರಿದಾಗ ಪಕ್ಕೆಲುಬುಗಳ ನಡುವೆ ಸೂಜಿಯನ್ನು ತೂರಿಸಿ, ಇಲ್ಲವೆ ಶ್ವಾಸನಾಳದ ಮೂಲಕ ದರ್ಶಕನಳಿಗೆಯನ್ನು ಇಳಿಸಿ, ಗಂಟಿನ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಆ ಚೂರಿನಲ್ಲಿ ಮೃದ್ವಸ್ಥಿಯೂ ಕೊಬ್ಬೂ ಕಂಡರೆ ಹಮಾರ್ಟೋಮವೆಂಬ ಭಾವರೂಪದ ನಿರ್ಣಯ ದೊರೆಯುತ್ತದೆ. ಕ್ಯಾನ್ಸರಿನ ಜೀವಕೋಶಗಳು ಕಾಣಲಿಲ್ಲವೆಂಬಷ್ಟೇ ಉತ್ತರ ಬಂದರೆ ಅದರಿಂದ ಸೌಮ್ಯತ್ವ ಸಿದ್ಧಿಸುವುದಿಲ್ಲ. ಸೂಜಿ ಗಂಟನ್ನು ತಪ್ಪಿ ಪಕ್ಕಕ್ಕೆ ಹೋಗಿರಬಹುದು. ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬಂಥ ಎಡೆಯಲ್ಲಿ ಮಾತ್ರ ಕಾಣದಿರುವುದು ಅಭಾವಕ್ಕೆ ಪ್ರಮಾಣವೆಂದು ಮೀಮಾಂಸಕರು ಯೋಗ್ಯಾನುಪಲಬ್ಧಿಯ ವಿಚಾರದಲ್ಲಿ ಹೇಳುವ ನಿಯಮ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಸಕ್ಕರೆಯನ್ನು ಹೆಚ್ಚಾಗಿ ಹೀರುವ ಜೀವಕೋಶಗಳನ್ನು ಬೆಳಗಿಸಿ ತೋರಿಸುವ ಪಿ.ಇ.ಟಿ. ಚಿತ್ರಕ್ಕೂ ಇದೇ ಎಚ್ಚರಿಕೆ ಸಲ್ಲುತ್ತದೆ. ಕ್ಷಯದ ಗಂಟೂ ಅದರಲ್ಲಿ ಬೆಳಗಬಹುದು. ಆದುದರಿಂದ ಕ್ಷಯವು ಹೇರಳವಾಗಿರುವ ಭಾರತದಂಥ ದೇಶದಲ್ಲಿ ಬೆಳಗಿದುದನ್ನೆಲ್ಲ ಕ್ಯಾನ್ಸರೆಂದು ತಿಳಿಯಲಾಗದು. ಮೆಲ್ಲನೆ ಬೆಳೆಯುವ ಕಾರ್ಸಿನಾಯ್ಡ್ ಅರ್ಬುದವು ಬೆಳಗದೆಯೂ ಉಳಿಯಬಹುದು.

ಹೆಸರುಗಳ ಚರಿತ್ರೆಯೂ ಇದೇ ಪಾಠವನ್ನು ಕಲಿಸುತ್ತದೆ. ಹಮಾರ್ಟೋಮವೆಂಬ ಪದವನ್ನು 1904ರಲ್ಲಿ ಆಲ್‌ಬ್ರೆಕ್ಟ್ ಎಂಬ ಜರ್ಮನ್ ವಿದ್ವಾಂಸನು ಸೃಷ್ಟಿಸಿದನು. ಅದರ ಮೂಲವು ಗುರಿ ತಪ್ಪುವುದು ಎಂಬ ಅರ್ಥದ ಗ್ರೀಕ್ ಧಾತು. ಅರಿಸ್ಟಾಟಲನು ರುದ್ರನಾಟಕದ ನಾಯಕನ ಪ್ರಮಾದಕ್ಕೆ ಬಳಸಿದ ಹಮಾರ್ಷಿಯವೂ ಅದರಿಂದಲೇ ಹುಟ್ಟಿದೆ. ಅಂಗವು ರೂಪುಗೊಳ್ಳುವಾಗ ಅದರ ಅಂಶಗಳೇ ಕ್ರಮತಪ್ಪಿ ಕೂಡಿದ್ದೆಂಬುದು ಆ ಹೆಸರಿನ ಭಾವ. ಮುಂದೆ ಶ್ವಾಸಕೋಶದ ಹಮಾರ್ಟೋಮಗಳ ಜೀವಕೋಶಗಳಲ್ಲಿ 6ನೆಯ ಮತ್ತು 12ನೆಯ ವರ್ಣತಂತುಗಳ ತುಂಡುಗಳು ಸ್ಥಾನಪಲ್ಲಟವಾಗಿರುವುದು ಕಂಡುಬಂದಿತು; ಇವು ಬೆಳೆವಣಿಗೆಯ ಪ್ರಮಾದಗಳಲ್ಲ, ನಿಜವಾದ ಅರ್ಬುದಗಳೇ ಎಂದು ತಿಳಿಯಿತು. ಪ್ರಮಾದವೆಂಬ ಹೆಸರೇ ಪ್ರಮಾದವಾಗಿದ್ದರೂ ರೂಢಿಯಿಂದ ಉಳಿದುಕೊಂಡಿದೆ. 1956ರಲ್ಲಿ ರಕ್ತನಾಳಗಳ ಅರ್ಬುದವೆಂದು ವರ್ಣಿಸಲ್ಪಟ್ಟ ಇನ್ನೊಂದು ಸೌಮ್ಯಾರ್ಬುದವು ಗಾಳಿಚೀಲಗಳ ಒಳಪೊರೆಯ ಜೀವಕೋಶಗಳಿಂದ ಹುಟ್ಟಿದ್ದೆಂದು ಗೊತ್ತಾಗಿ, 2015ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಅದರ ಹೆಸರು ಬದಲಾಯಿತು. ಈ ಎರಡರಿಂದ ರೋಗಿಗೆ ಕೇಡಾಗಲಿಲ್ಲ. ಆದರೆ ಶ್ವಾಸನಾಳದ ಅಡಿನೋಮವೆಂಬ ಸೌಮ್ಯವಾದ ಹೆಸರಿನಲ್ಲಿ ಒಂದು ಕಾಲಕ್ಕೆ ಸೇರಿಸಿದ್ದ ಗಡ್ಡೆಗಳಲ್ಲಿ ಬಹುಪಾಲು ಕಾರ್ಸಿನಾಯ್ಡ್ ಮೊದಲಾದವು. ಹರಡಬಲ್ಲ ಅವು ಈಗ ದುಷ್ಟವರ್ಗದಲ್ಲಿಯೇ ಎಣಿಕೆಯಾಗಿವೆ. ಅಲ್ಲಿ ಹೆಸರು ಹೇಳಿದ ಅಭಯ ನಿಜವಾಗಿರಲಿಲ್ಲ.

ಸೌಮ್ಯವೆಂದು ಸಿದ್ಧವಾದ ಗಂಟಿಗೆ ಬಹುಮಟ್ಟಿಗೆ ಚಿಕಿತ್ಸೆಯೇ ಬೇಕಾಗುವುದಿಲ್ಲ. ಅದು ಶ್ವಾಸನಾಳದೊಳಗೆ ಬೆಳೆದು ದಾರಿಯನ್ನು ಕಟ್ಟಿ ಕೆಮ್ಮನ್ನೋ ಮರುಕಳಿಸುವ ನ್ಯುಮೋನಿಯವನ್ನೋ ಉಂಟುಮಾಡಿದಾಗ ಮಾತ್ರ ತೆಗೆಯುವ ಅವಶ್ಯಕತೆ ಬರುತ್ತದೆ. ಹೀಗೆ ಈ ನಿದಾನದ ಫಲವು ಅನೇಕ ವೇಳೆ ಏನನ್ನೂ ಮಾಡದಿರುವುದೇ. ಏನನ್ನೂ ಮಾಡಬೇಕಾಗಿಲ್ಲವೆಂಬ ಮಾತು ಉದಾಸೀನದಿಂದ ಬಂದುದಲ್ಲ, ಪ್ರಮಾಣದಿಂದ ಬಂದುದೆಂದು ರೋಗಿಗೆ ಕಾರಣಸಹಿತವಾಗಿ ತಿಳಿಸಬೇಕಾದ ಹೊಣೆಯೂ ನಿದಾನದಲ್ಲಿಯೇ ಸೇರಿದೆ. ಕಾರಣವನ್ನು ತಿಳಿಯದವನ ಮನಸ್ಸಿನಲ್ಲಿ ಆ ನೆರಳು ಹಾಗೆಯೇ ಉಳಿದಿರುತ್ತದೆ.