ಹೆಸರೊಂದು, ಲೋಕ ಹಲವು

ಜಪಾನಿನ ಸ್ಕ್ವೇರ್ ಸಂಸ್ಥೆ 1987ರಲ್ಲಿ ‘ಫೈನಲ್ ಫ್ಯಾಂಟಸಿ’ ಎಂಬ ವಿಡಿಯೊ ಆಟವನ್ನು ಹೊರತಂದಿತು. ಹೆಸರಿನಲ್ಲಿ ‘ಕೊನೆಯದು’ ಎಂದಿದ್ದರೂ ಅದು ಕೊನೆಯದಾಗಲಿಲ್ಲ. 2023ರಲ್ಲಿ ಹದಿನಾರನೆಯದು ಬಂದಿತು. ಸೋಜಿಗವೆಂದರೆ, ಈ ಮಾಲೆಯಲ್ಲಿ ಸಂಖ್ಯೆ ಹೊತ್ತ ಒಂದೊಂದು ಆಟದಲ್ಲೂ ಲೋಕ ಬೇರೆ, ಪಾತ್ರ ಬೇರೆ, ಕಥೆ ಬೇರೆ. ಹಾಗಾದರೆ ಇವೆಲ್ಲ ಒಂದೇ ಮನೆತನದವು ಎನ್ನುವುದು ಯಾವ ಗುಣದಿಂದ?

ಅಭಿಮಾನಿಗಳ ವ್ಯಾಜ್ಯವಿರುವುದು ಇಲ್ಲಿಯೇ. ಆಟಗಾರನು ಸಾವಧಾನವಾಗಿ ಯೋಚಿಸಿ, ತನ್ನ ಸರದಿ ಬಂದಾಗ ಆಜ್ಞೆ ಕೊಡುವ ಯುದ್ಧಕ್ರಮವೇ ಇದರ ಜೀವಾಳವೆಂದು ಒಂದು ಪಕ್ಷ. ಹದಿನಾರನೆಯದರಲ್ಲಿ ಸರದಿಯೇ ಇಲ್ಲ, ಇರುವುದು ಕೈಚಳಕದ ನೇರ ಕಾಳಗ. ಆದ್ದರಿಂದ ಅದು ಹೆಸರಿಗಷ್ಟೇ ಈ ಮನೆಯದು ಎಂಬುದು ಅವರ ವಾದ. ಪ್ರತಿಪಕ್ಷದವರು ಹಳೆಯ ಲೆಕ್ಕ ತೆಗೆಯುತ್ತಾರೆ. 1991ರ ನಾಲ್ಕನೆಯದರಲ್ಲೇ ಯುದ್ಧದ ನಡುವೆ ಕಾಲ ಓಡತೊಡಗಿತ್ತು. 1997ರ ಏಳನೆಯದರಲ್ಲಿ ಪಾತ್ರಗಳು ಮೂರು ಆಯಾಮ ಪಡೆದವು. 2002ರ ಹನ್ನೊಂದನೆಯದು ಅಂತರ್ಜಾಲದಲ್ಲಿ ಅನೇಕರು ಕೂಡಿ ಆಡುವ ಆಟವಾಯಿತು. ಬದಲಾಗುವುದೇ ಇದರ ಸಂಪ್ರದಾಯವಲ್ಲವೆ ಎಂದು ಅವರು ಕೇಳುತ್ತಾರೆ. ಇನ್ನು ಕೆಲವರಿಗೆ ಚೊಕೊಬೊ ಎಂಬ ಸವಾರಿಹಕ್ಕಿಯೂ ನೊಬುವೊ ಉಎಮತ್ಸು ಅವರ ಸಂಗೀತವೂ ಇದ್ದರೆ ಸಾಕು.

ನನಗೆ ತೋರುವಂತೆ, ಅವರವರು ಮೊದಲು ಆಡಿದ ಆಟವೇ ಅವರವರಿಗೆ ಒರೆಗಲ್ಲು. ಏಳನೆಯದರಿಂದ ಒಳಹೊಕ್ಕವನಿಗೆ ಹಿಂದಿನ ಆರೂ ಪೀಠಿಕೆ, ಮುಂದಿನವೆಲ್ಲ ಇಳಿತ. ಅವನು ಕಾಯುತ್ತಿರುವುದು ತನ್ನ ಹುಡುಗತನವನ್ನು. ಆದರೂ ಈ ಜಗಳ ವ್ಯರ್ಥವೆನ್ನಲಾರೆ. ಹೊಸತು ಬಂದಾಗಲೆಲ್ಲ “ಇದು ನಮ್ಮದೇ?” ಎಂದು ಕೇಳುವವರು ಇರುವುದರಿಂದಲೇ, ಬೇರೆ ಬೇರೆಯಾದ ಈ ಲೋಕಗಳು ಇನ್ನೂ ಒಂದೇ ಹೆಸರಿನಲ್ಲಿ ಬಾಳುತ್ತಿವೆ.